ದೋಣಿಯಲ್ಲಿ ಕೋವಿ ಇರಬೇಕೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಸಮುದ್ರಯಾನದ ಅನುಭವಗಳು' ಎಂದು ಅಚ್ಚು ಹಾಕಿದ್ದಾರೆ. ಮೂವತ್ತು ವರ್ಷದ ಅನುಭವವನ್ನು ಇಪ್ಪತ್ತು ನಿಮಿಷದಲ್ಲಿ ಹೇಳಲು ಆಗುವುದಿಲ್ಲ. ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ನಿನ್ನೆ ಒಬ್ಬ ಹುಡುಗ ನನಗೆ ದಾರಿ ತೋರಿಸಿದ. ವಸ್ತುಪ್ರದರ್ಶನದ ಕೋಣೆಯಲ್ಲಿ ನನ್ನ ಹಳೆಯ ಸೀಮನ್ ಪುಸ್ತಕ, ದಿಕ್ಸೂಚಿ ಇಟ್ಟಿದ್ದರಲ್ಲ, ಅಲ್ಲಿ ಒಂಬತ್ತನೆಯ ತರಗತಿಯ ಆ ಹುಡುಗ ಬಹಳ ಹೊತ್ತು ನಿಂತಿದ್ದ. ಕೊನೆಗೆ ಕೇಳಿದ: "ಅಜ್ಜಾ, ನಿಮ್ಮ ಹಡಗಿನಲ್ಲಿ ಗನ್ ಇತ್ತಾ?" ನಾನು, "ಹಡಗಿನಲ್ಲಿ ಇರಲಿಲ್ಲ. ಒಂದು ಸಲ ಹಾಯಿದೋಣಿಯಲ್ಲಿ ಇತ್ತು" ಎಂದೆ. "ಹೊಡೆದ್ರಾ?" ಎಂದ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಹುಡುಗ ಓಡಿದ. ಅವನು ಇಲ್ಲೇ ಎಲ್ಲೋ ಕೂತಿರಬೇಕು. ಇವತ್ತಿನ ನನ್ನ ಮಾತೆಲ್ಲ ಅವನ ಪ್ರಶ್ನೆಗೆ ಉತ್ತರ.

ಕೋವಿ ನಮ್ಮೂರಿಗೆ ಹೊಸದಲ್ಲ. ಘಟ್ಟದ ಬುಡದ ತೋಟದವರ ಮನೆಗಳಲ್ಲಿ ಮಂಗ, ಹಂದಿ ಓಡಿಸಲು ಲೈಸೆನ್ಸ್ ಇರುವ ಕೋವಿ ಇರುವುದು ನಿಮಗೆಲ್ಲ ಗೊತ್ತು. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ರಸೀದಿ ತೋರಿಸಿ ತರಬೇಕು. ಆ ಓಡಾಟಕ್ಕೆ ಬೇಸತ್ತು ಕೋವಿಯನ್ನೇ ಬಿಟ್ಟುಕೊಟ್ಟವರೂ ಇದ್ದಾರೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಮುದ್ರದ ಮೇಲೆ ಸಣ್ಣ ದೋಣಿಯಲ್ಲಿ ದೇಶದಿಂದ ದೇಶಕ್ಕೆ ಹೋಗುವವನಿಗೆ ಪ್ರತಿ ಬಂದರೂ ಒಂದು ಚುನಾವಣೆ ಇದ್ದ ಹಾಗೆ.

ಮೊದಲು ಸ್ವಲ್ಪ ಹಳೆಯ ಮಾತು. ಸಮುದ್ರದ ಕಳ್ಳತನ ಎಂದರೆ ಸೊಮಾಲಿಯಾ ಎಂದೇ ಈಗಿನ ಮಕ್ಕಳು ತಿಳಿದಿದ್ದಾರೆ. ನಮ್ಮ ಕರಾವಳಿಯೂ ಒಂದು ಕಾಲದಲ್ಲಿ ಅದಕ್ಕೆ ಹೆಸರಾಗಿತ್ತು. 1342ರ ಸುಮಾರಿಗೆ ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಗುಜರಾತಿನ ಕಡೆಯಿಂದ ಹಡಗು ಹತ್ತಿ ಹೊನ್ನಾವರಕ್ಕೆ ಬಂದ. ಅವನ ಹಡಗಿನಲ್ಲಿ ಐವತ್ತು ಜನ ಬಿಲ್ಲುಗಾರರು, ಐವತ್ತು ಜನ ಅಬಿಸೀನಿಯದ ಕಾದಾಳುಗಳು ಇದ್ದರಂತೆ. ಇವರಲ್ಲಿ ಒಬ್ಬನಿದ್ದರೂ ಕಳ್ಳರು ಆ ಹಡಗಿನ ಹತ್ತಿರ ಬರುವುದಿಲ್ಲ ಎಂದು ಬರೆದಿದ್ದಾನೆ. ಇಂದು ಹಡಗುಗಳು ಸಂಬಳ ಕೊಟ್ಟು ಬಂದೂಕಿನ ಕಾವಲುಗಾರರನ್ನು ಹತ್ತಿಸಿಕೊಳ್ಳುತ್ತವಲ್ಲ, ಆ ಪದ್ಧತಿ ಆಗಲೇ ಇತ್ತು. ಅದೇ ಬರಹದಲ್ಲಿ ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆ ಎಂದೂ ಹೇಳಿದ್ದಾನೆ. ನಮ್ಮ ಶಾಲೆಗೆ ಐವತ್ತಾಯಿತು ಎಂದು ನಾವು ಹೆಮ್ಮೆ ಪಡುವಾಗ ಇದನ್ನೂ ನೆನೆಯಬೇಕು.

ಕೆಲವು ವರ್ಷಗಳ ಮೇಲೆ ಅದೇ ಇಬ್ನ್ ಬತೂತ ಕೊಲ್ಲಮಿನಿಂದ ಹೊನ್ನಾವರಕ್ಕೆ ಹೊರಟಾಗ ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ ಒಂದು ಸಣ್ಣ ದ್ವೀಪದ ಹತ್ತಿರ ಹನ್ನೆರಡು ಹಡಗುಗಳು ಸುತ್ತುವರಿದವು. ಸಿಂಹಳದ ರಾಜ ಕೊಟ್ಟ ಮುತ್ತು ಮಾಣಿಕ್ಯವೂ ಹೋಯಿತು, ಬಟ್ಟೆಯೂ ಹೋಯಿತು. ಉಟ್ಟ ಚಲ್ಲಣವೊಂದನ್ನು ಬಿಟ್ಟು ದಡಕ್ಕೆ ಇಳಿಸಿದರು. ಹೊನ್ನಾವರ ಬಾರ್ಕೂರುಗಳ ನಡುವೆ ಎಂದರೆ ಹೆಚ್ಚು ಕಡಿಮೆ ನಮ್ಮ ಭಟ್ಕಳದ ಸಮುದ್ರವೇ ಆಯಿತು.

ಆಮೇಲೆ ಪೋರ್ಚುಗೀಸರ ಕಾಲ. ಅವರು 'ತಿಮೋಜ' ಎಂದು ಕರೆದ ಹೊನ್ನಾವರದ ನಾಯಕನನ್ನು ಕೆಲವರು ಕಡಲುಗಳ್ಳ ಎಂದರು, ಕೆಲವರು ವಿಜಯನಗರದ ನೌಕಾ ನಾಯಕ ಎಂದರು. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಹಿಡಿಯಲು ಅವನ ಸಲಹೆ, ಸಹಾಯ ಎರಡೂ ಇದ್ದವು. ಗೆದ್ದವರ ಕಡೆ ಸೇರಿದ ದಿನ ಕಳ್ಳನಿಗೆ ಅಧಿಕಾರಿಯ ಹೆಸರು ಬಂತು. ಪೋರ್ಚುಗೀಸರು ಈ ಸಮುದ್ರದಲ್ಲಿ ಓಡಾಡುವ ಪ್ರತಿಯೊಂದು ಹಡಗೂ ತಮ್ಮ ರಹದಾರಿ ಚೀಟಿ ಪಡೆಯಬೇಕು ಎಂದು ಕಟ್ಟಳೆ ಮಾಡಿದರು. ಅದನ್ನು 'ಕರ್ತಾಜ್' ಎನ್ನುತ್ತಿದ್ದರು. ಹಡಗಿನ ಹೆಸರು, ನಾಯಕ ಯಾರು, ಎಷ್ಟು ಜನ, ಎಷ್ಟು ಆಯುಧ ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಚೀಟಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು. ನಾನು ಐದು ಶತಮಾನ ಕಳೆದು ಕೊಚ್ಚಿಯಲ್ಲಿ ಒಂದು ಫಾರಂ ತುಂಬುವಾಗ ಅದರಲ್ಲಿದ್ದ ಪ್ರಶ್ನೆಗಳೂ ಇವೇ: ದೋಣಿಯ ಹೆಸರು, ಎಷ್ಟು ಜನ, ಆಯುಧ ಇದೆಯೇ, ಗುಂಡು ಎಷ್ಟು.

ಈಗ ಹಾಯಿದೋಣಿಯ ವಿಷಯಕ್ಕೆ ಬರುತ್ತೇನೆ. ಯಾಟ್ ಎಂದರೆ ಸಾಹುಕಾರರ ಮೋಜು ಎಂದು ನಾವು ತಿಳಿಯುತ್ತೇವೆ. ಅಂಥವೂ ಇವೆ. ಆದರೆ ಮನೆ ಮಾರಿ ನಲವತ್ತು ಅಡಿಯ ದೋಣಿ ಕೊಂಡು, ಗಂಡ ಹೆಂಡತಿ ಇಬ್ಬರೇ ಲೋಕ ಸುತ್ತುವವರು ಬಹಳ ಜನ. ಇಂಥ ದೋಣಿ ಗಾಳಿ ಚೆನ್ನಾಗಿದ್ದರೆ ಗಂಟೆಗೆ ಆರೇಳು ನಾಟಿಕಲ್ ಮೈಲಿ ಹೋಗುತ್ತದೆ. ಸೈಕಲ್ಲಿನ ವೇಗ. ಮೋಟಾರು ದೋಣಿ ಬೆನ್ನು ಹತ್ತಿದರೆ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ದೋಣಿಯ ಅಂಚು ನೀರಿನಿಂದ ಸೊಂಟದ ಎತ್ತರಕ್ಕೂ ಇರುವುದಿಲ್ಲ, ಯಾರು ಬೇಕಾದರೂ ಹತ್ತಬಹುದು. ಸುತ್ತ ನೂರಾರು ಮೈಲಿ ಯಾರೂ ಇಲ್ಲ. ಕೂಗಿದರೆ ಓಗೊಡುವವರಿಲ್ಲ. ಅಂಥವರಿಗೆ ಒಂದು ಬಂದೂಕು ಇರಲಿ ಅನ್ನಿಸಿದರೆ ಅದನ್ನು ಹುಚ್ಚು ಎಂದು ನಾನು ಹೇಳಲಾರೆ.

ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಮನುಷ್ಯ ಜೋಶುವಾ ಸ್ಲೋಕಂ. 1895ರಲ್ಲಿ ಬೋಸ್ಟನ್ನಿನಿಂದ ಹೊರಟು 1898ರಲ್ಲಿ ತಿರುಗಿ ಬಂದ. ಅವನ ಬಳಿ ಬಂದೂಕು ಇತ್ತು. ಆದರೆ ಜನ ಇಂದಿಗೂ ನೆನೆಯುವುದು ಆ ಬಂದೂಕನ್ನಲ್ಲ. ದಕ್ಷಿಣ ಅಮೆರಿಕದ ತುದಿಯ ಮೆಗೆಲ್ಲನ್ ಜಲಸಂಧಿಯಲ್ಲಿ ರಾತ್ರಿ ಲಂಗರು ಹಾಕಿ ಮಲಗುವಾಗ ದೋಣಿಯ ಅಟ್ಟದ ಮೇಲೆಲ್ಲ ಸಣ್ಣ ಮೊಳೆಗಳನ್ನು ಚೆಲ್ಲಿ ಮಲಗುತ್ತಿದ್ದ. ಹಿಂದಿನ ಬಂದರಿನಲ್ಲಿ ಒಬ್ಬ ಕಪ್ತಾನ ಆ ಮೊಳೆಗಳನ್ನು ಕೊಟ್ಟು ಹೀಗೆ ಮಾಡು ಎಂದಿದ್ದ. ಒಂದು ರಾತ್ರಿ ಕದಿಯಲು ಬಂದವರು ಬರಿಗಾಲಿನಲ್ಲಿ ಹತ್ತಿದರು, ಮೊಳೆ ತುಳಿದರು, ಕಿರುಚಿಕೊಂಡು ನೀರಿಗೆ ಹಾರಿದರು. ಯಾರೂ ಸಾಯಲಿಲ್ಲ. ಈ ಕಥೆಗೆ ಮಕ್ಕಳು ನಗುತ್ತಾರೆ ಎಂದು ಗೊತ್ತಿತ್ತು.

ಮುಂದಿನದು ನಗುವ ಕಥೆಯಲ್ಲ. ನ್ಯೂಜಿಲೆಂಡಿನ ಪೀಟರ್ ಬ್ಲೇಕ್ ಹಾಯಿದೋಣಿಯ ಲೋಕದಲ್ಲಿ ನಮ್ಮ ತೆಂಡೂಲ್ಕರ್ ಇದ್ದ ಹಾಗೆ. 1995 ಮತ್ತು 2000ರಲ್ಲಿ ಅಮೆರಿಕಾಸ್ ಕಪ್ ಗೆಲ್ಲಿಸಿದವರು. 2001ರ ಡಿಸೆಂಬರಿನಲ್ಲಿ ಅವರ 'ಸೀಮಾಸ್ಟರ್' ದೋಣಿ ಬ್ರೆಜಿಲ್ ದೇಶದ ಅಮೆಜಾನ್ ನದಿಯ ಮುಖದಲ್ಲಿ, ಮಕಾಪಾ ಊರಿನ ಹತ್ತಿರ ನಿಂತಿತ್ತು. ರಾತ್ರಿ ಆಯುಧ ಹಿಡಿದ ಕಳ್ಳರು ಹತ್ತಿದರು. ಬ್ಲೇಕ್ ಕೆಳಗೆ ಹೋಗಿ ರೈಫಲ್ ತಂದು ಹೊಡೆದರು. ಒಬ್ಬ ಕಳ್ಳನ ಕೈಗೆ ಗುಂಡು ತಾಗಿತು. ಅಷ್ಟರಲ್ಲಿ ರೈಫಲ್ ಸಿಕ್ಕಿಹಾಕಿಕೊಂಡಿತು. ಕಳ್ಳರ ಗುಂಡಿಗೆ ಬ್ಲೇಕ್ ಸತ್ತರು. ದೋಣಿಯಲ್ಲಿದ್ದ ಉಳಿದವರು ಬದುಕಿದರು. ಕಳ್ಳರು ಒಯ್ದದ್ದು ಕೈಗಡಿಯಾರ, ಕ್ಯಾಮೆರಾ, ಒಂದು ಮೋಟಾರು, ಇಂಥವು. ಬ್ಲೇಕ್ ಮಾಡಿದ್ದು ತಪ್ಪು ಎಂದು ಇಲ್ಲಿ ಕೂತು ಹೇಳುವುದು ಸುಲಭ. ಆ ಹೊತ್ತಿನಲ್ಲಿ ಅವರ ಜಾಗದಲ್ಲಿ ನಾವಿರಲಿಲ್ಲ. ಆದರೂ ಬಂದೂಕು ಕೈಯಲ್ಲಿದ್ದದ್ದು ಅವರನ್ನು ಉಳಿಸಲಿಲ್ಲ ಎಂಬುದು ನಿಜ.

ಬಂದೂಕು ತೆಗೆಯದವರ ಕಥೆಯೂ ಒಂದೇ ತರಹ ಮುಗಿಯುವುದಿಲ್ಲ. 2009ರ ಅಕ್ಟೋಬರಿನಲ್ಲಿ ಸೇಶೆಲ್ಸಿನಿಂದ ಹೊರಟ ಬ್ರಿಟನ್ನಿನ ಒಂದು ದಂಪತಿಯನ್ನು ಸೊಮಾಲಿ ಕಳ್ಳರು ಹಿಡಿದು ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದರು. ಹಣ ಕೊಟ್ಟ ಮೇಲೆ ಇಬ್ಬರೂ ಜೀವಂತ ಮನೆ ಸೇರಿದರು. 2011ರ ಫೆಬ್ರವರಿಯಲ್ಲಿ 'ಕ್ವೆಸ್ಟ್' ಎಂಬ ಹಾಯಿದೋಣಿ ನಮ್ಮ ಮುಂಬೈಯಿಂದಲೇ ಓಮನ್ನಿನ ಕಡೆಗೆ ಹೊರಟಿತ್ತು. ಅದರಲ್ಲಿ ನಾಲ್ವರು ಅಮೆರಿಕನ್ನರು. ಹತ್ತೊಂಬತ್ತು ಕಳ್ಳರು ಹತ್ತಿದರು. ಅಮೆರಿಕದ ಯುದ್ಧನೌಕೆಗಳು ಬೆನ್ನಿಗೇ ಇದ್ದು ಮಾತುಕತೆ ನಡೆಸುತ್ತಿದ್ದಾಗಲೇ ನಾಲ್ವರನ್ನೂ ಕೊಂದರು.

ಇನ್ನು ಕಾನೂನು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಹೊರದೇಶದಿಂದ ತರುವ ಹಾಗಿಲ್ಲ. ಅದರ 45ನೆಯ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ಸಮುದ್ರಕ್ಕೆ ಹೋಗುವ ಹಡಗಿನ ಸಾಮಾನ್ಯ ಸಲಕರಣೆಯ ಭಾಗವಾದ ಆಯುಧಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. 'ಸಾಮಾನ್ಯ ಸಲಕರಣೆ' ಎಂದರೆ ಯಾವುದು? ಈ ಎರಡು ಶಬ್ದದ ಮೇಲೆ ಎಷ್ಟು ಜನರ ಬದುಕು ನಿಂತಿತು ಎಂಬುದಕ್ಕೆ ಒಂದು ಉದಾಹರಣೆ. 2013ರ ಅಕ್ಟೋಬರಿನಲ್ಲಿ ತಮಿಳುನಾಡಿನ ತೂತುಕುಡಿಯ ಹತ್ತಿರ 'ಸೀಮನ್ ಗಾರ್ಡ್ ಓಹಿಯೋ' ಎಂಬ ಹಡಗನ್ನು ಹಿಡಿದರು. ಬೇರೆ ಹಡಗುಗಳಿಗೆ ಕಾವಲುಗಾರರನ್ನು ಒದಗಿಸುವ ಹಡಗು ಅದು. 35 ಜನ, 35 ರೈಫಲ್, ಸಾವಿರಾರು ಗುಂಡು. ಕಳ್ಳರಿಂದ ಕಾಪಾಡುವವರು ನಾವು ಎಂದು ಅವರು ಹೇಳಿದರು. ನಮ್ಮ ನೀರಿನಲ್ಲಿ ಅನುಮತಿ ಇಲ್ಲದೆ ಆಯುಧ ತಂದಿದ್ದೀರಿ ಎಂದು ಸರ್ಕಾರ ಹೇಳಿತು. 2016ರ ಜನವರಿಯಲ್ಲಿ ಐದು ವರ್ಷದ ಶಿಕ್ಷೆ ಆಯಿತು. 2017ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಎಲ್ಲರನ್ನೂ ಬಿಡುಗಡೆ ಮಾಡಿತು. ನಡುವೆ ನಾಲ್ಕು ವರ್ಷ ಹೋಯಿತು. ಆ 35 ಜನರಲ್ಲಿ ನಮ್ಮ ದೇಶದವರೂ ಇದ್ದರು. ಕಾವಲಿನ ಕೆಲಸ, ಒಳ್ಳೆಯ ಸಂಬಳ ಎಂದು ಏಜೆಂಟರ ಮಾತು ಕೇಳಿ ಹೋಗುವ ಹುಡುಗರು ಇದನ್ನು ನೆನಪಿನಲ್ಲಿ ಇಡಬೇಕು.

ಬೇರೆ ದೇಶಗಳಲ್ಲೂ ಒಂದೊಂದು ಕಡೆ ಒಂದೊಂದು ನಿಯಮ. ಬಂದರಿಗೆ ಬಂದ ಕೂಡಲೇ ಆಯುಧ ಇದೆ ಎಂದು ಹೇಳಬೇಕು. ಕೆಲವು ಕಡೆ ದೋಣಿಯಲ್ಲೇ ಬೀರುವಿಗೆ ಮೊಹರು ಹಾಕುತ್ತಾರೆ. ಕೆಲವು ಕಡೆ ಠಾಣೆಗೆ ಒಯ್ಯುತ್ತಾರೆ. ಹಾಗೆ ಒಯ್ದರೆ ಹೊರಡುವಾಗ ಅದೇ ಬಂದರಿಗೆ ಬಂದು ಬಿಡಿಸಿಕೊಳ್ಳಬೇಕು, ಗಾಳಿ ಆ ಕಡೆಗೆ ಇರಲಿ ಬಿಡಲಿ. ಹೇಳದೆ ಬಚ್ಚಿಟ್ಟು ಸಿಕ್ಕಿಬಿದ್ದರೆ ಜೈಲು, ದೋಣಿಯೂ ಹೋಗಬಹುದು. ಇನ್ನೊಂದು ತಮಾಷೆ ನೋಡಿ. ಹಾಯಿದೋಣಿಯವರಿಗೆ ಕಳ್ಳರ ಕಾಟ ಹೆಚ್ಚು ಇರುವುದು ದಡದ ಹತ್ತಿರ, ಲಂಗರು ಹಾಕಿದ ಜಾಗದಲ್ಲಿ. ಬಂದೂಕು ಮೊಹರಿನ ಒಳಗೆ ಇರಬೇಕಾದದ್ದೂ ಅಲ್ಲೇ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ.

2011ರ ಜನವರಿ. ನಾನು ಎರಡು ಹಡಗುಗಳ ನಡುವೆ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಕೊಚ್ಚಿಯಲ್ಲಿ ಯುರೋಪಿನವರ ಹಾಯಿದೋಣಿಯೊಂದು ಇದೆ, ಗಂಡ ಹೆಂಡತಿ ಇಬ್ಬರೇ, ಮುಂಬೈವರೆಗೆ ಒಬ್ಬ ತಿಳಿದ ಆಳು ಬೇಕಂತೆ ಎಂದು ಹಳೆಯ ಗೆಳೆಯ ಫೋನು ಮಾಡಿದ. ಹೋದೆ. ಯಜಮಾನ ಅರವತ್ತು ದಾಟಿದವನು, ನಿವೃತ್ತ ಇಂಜಿನಿಯರ್, ಒಳ್ಳೆಯ ಮನುಷ್ಯ. ಹೆಂಡತಿ ದಿನಾ ನನಗೆ ಅನ್ನ ಬೇಯಿಸಲು ಕಲಿಸು ಎನ್ನುತ್ತಿದ್ದಳು. ದೋಣಿಯಲ್ಲಿ ಒಂದು ಬಂದೂಕು ಇತ್ತು, ಸಣ್ಣ ಚರೆ ಹಾರುವಂಥದ್ದು. ಅದನ್ನು ಫಾರಮಿನಲ್ಲಿ ಬರೆದು ಒಪ್ಪಿಸಿದ್ದರು. ಬೀರುವಿನಲ್ಲಿ ಇಟ್ಟು ಅಧಿಕಾರಿಗಳು ಮೊಹರು ಹಾಕಿದ್ದರು.

ಆ ವರ್ಷ ಭಯ ಎಷ್ಟಿತ್ತು ಎಂದರೆ, ಹಿಂದಿನ ಜೂನಿನಲ್ಲಿ ಹಡಗು ಕಂಪನಿಗಳವರು ಸೊಮಾಲಿ ಕಳ್ಳರ ಅಪಾಯದ ವಲಯವನ್ನು 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಎಳೆದಿದ್ದರು. ಭೂಗೋಳದ ಮಾಸ್ತರು ಗೋಡೆಯ ನಕ್ಷೆಯಲ್ಲಿ ನಮಗೆ ತೋರಿಸಿದ್ದು ನೆನಪಿದೆಯೇ? ಭಟ್ಕಳ, ಹೊನ್ನಾವರ, ಕುಮಟಾ ಮೂರೂ 74 ಮತ್ತು 75 ಡಿಗ್ರಿಯ ನಡುವೆ ಬರುತ್ತವೆ. ಅಂದರೆ ನಮ್ಮಪ್ಪ ರಂಪಣಿ ಎಳೆದ ನೀರು, ನಮ್ಮಣ್ಣ ಬಲೆ ಬಿಡುವ ನೀರು ಲೋಕದ ನಕ್ಷೆಯಲ್ಲಿ ಕಡಲುಗಳ್ಳರ ವಲಯವಾಗಿತ್ತು. ದೊಡ್ಡ ಹಡಗುಗಳು ನಡುಸಮುದ್ರ ಬಿಟ್ಟು ದಡದ ಕಡೆಗೆ, ಮೀನುಗಾರರ ನಡುವೆ ಬರತೊಡಗಿದವು. ಆ ಹಡಗುಗಳಲ್ಲಿ ಕೆಲವಕ್ಕೆ ಬಂದೂಕಿನ ಕಾವಲೂ ಇತ್ತು.

ನಾಲ್ಕನೆಯ ರಾತ್ರಿ ನಾವು ನೇತ್ರಾಣಿಯ ದಕ್ಷಿಣಕ್ಕಿದ್ದೆವು. ಚಂದ್ರ ಇರಲಿಲ್ಲ. ಮುರ್ಡೇಶ್ವರದ ಗೋಪುರದ ಕಡೆ ಆಕಾಶ ಸ್ವಲ್ಪ ಬೆಳ್ಳಗಿತ್ತು. ಗಾಳಿ ಬಿದ್ದು ಇಂಜಿನ್ ಮೇಲೆ ಹೋಗುತ್ತಿದ್ದೆವು. ನಾನು ಚುಕ್ಕಾಣಿ ಬಿಟ್ಟು ಕೆಳಗೆ ಚಹಾ ಮಾಡಲು ಹೋಗಿದ್ದೆ. ಯಜಮಾನ ಮೇಲಿಂದ ಕೂಗಿದ. ಮುಂದಿನಿಂದ ಒಂದು ಸಣ್ಣ ದೋಣಿ, ದೀಪವಿಲ್ಲದೆ, ಜೋರಾಗಿ ನಮ್ಮ ಕಡೆಗೇ ಬರುತ್ತಿದೆ, ಹತ್ತಿರ ಬಂದು ಟಾರ್ಚು ಬೀಸುತ್ತಿದ್ದಾರೆ, ನಾಲ್ಕು ಜನ ಇದ್ದಾರೆ, ಏನೋ ಕಿರುಚುತ್ತಿದ್ದಾರೆ ಎಂದ. ಹೇಳುತ್ತಲೇ ಕೆಳಗಿಳಿದು ಬಂದು ಬೀರುವಿನ ಮೊಹರಿನ ತಂತಿಗೆ ಕತ್ತರಿ ಹಾಕಿದ. ಅವನ ಕೈ ನಡುಗುತ್ತಿತ್ತು. ಹೆಂಡತಿ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಅವನ ಭಯ ಸುಳ್ಳಲ್ಲ. ಅವನು ಓದಿದ ಎಲ್ಲ ಕಥೆಗಳೂ ಹೀಗೆಯೇ ಶುರುವಾಗಿದ್ದವು.

ನಾನು ಮೇಲೆ ಓಡಿದೆ. ಟಾರ್ಚಿನ ಬೆಳಕು ಕಣ್ಣಿಗೆ ಬಡಿಯಿತು. ಇಂಜಿನ್ ಸದ್ದಿನಲ್ಲಿ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಒಂದು ಶಬ್ದ ಕೇಳಿತು.

"ಬಲೆ! ಬಲೆ ಅದೆ! ಬಲೆ!"

ನಾನು ಇಂಜಿನ್ ನಿಲ್ಲಿಸಿ, ಎರಡು ಕೈ ಎತ್ತಿ, "ಎಲ್ಲದೆ ಮಾರಾಯಾ ಬಲೆ?" ಎಂದು ಕೂಗಿದೆ.

ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ. ಬಿಳಿಯರ ದೋಣಿಯಿಂದ ಹೊನ್ನಾವರದ ಮಾತು ಬಂದರೆ ಯಾರಿಗಾದರೂ ಹಾಗೇ ಆಗುತ್ತದೆ. ಆಮೇಲೆ ಒಬ್ಬ ನಕ್ಕ. "ಮುಂದೇ ಅದೆ. ಪಡುವಣಕ್ಕೆ ಹೋಗಿ, ಸುತ್ತು ಹಾಕಿ ಹೋಗಿ. ನೀವು ಯಾವ ಊರಿನವರು?" ಎಂದ. ಊರು ಹೇಳಿದೆ. ಅವರು ನಮ್ಮ ಮುಂದೆ ಮುಂದೆ ಹೋಗಿ ಬಲೆಯ ತುದಿ ದಾಟಿಸಿ ಬಿಟ್ಟರು. ಹೋಗುವಾಗ ನಾಲ್ಕು ಬಂಗುಡೆಯನ್ನು ನಮ್ಮ ದೋಣಿಗೆ ಎಸೆದರು.

ತಿರುಗಿ ನೋಡಿದರೆ ಯಜಮಾನ ಮೆಟ್ಟಿಲಿನ ಮೇಲೆ ಬಂದೂಕು ಹಿಡಿದು ನಿಂತಿದ್ದ. ಗುಂಡು ತುಂಬಿತ್ತು. ಅವನು ಏನೂ ಹೇಳಲಿಲ್ಲ. ಕೆಳಗೆ ಹೋಗಿ ಗುಂಡು ತೆಗೆದು ಬೀರುವಿನಲ್ಲಿ ಇಟ್ಟ. ಮುಂಬೈಯಲ್ಲಿ ತಾನೇ ಅಧಿಕಾರಿಗಳ ಮುಂದೆ ಹೋಗಿ ಮೊಹರು ಒಡೆದದ್ದನ್ನು ಹೇಳಿದ, ಬರೆದುಕೊಟ್ಟ. ಅದಕ್ಕಾಗಿ ಮೂರು ದಿನ ಓಡಾಡಿದ. ಅವನ ಮೇಲೆ ನನಗೆ ಇಂದಿಗೂ ಗೌರವ ಇರುವುದು ಅದಕ್ಕಾಗಿ.

ಮಗೂ, ನೀನು ಕೇಳಿದೆಯಲ್ಲ, ಹೊಡೆದ್ರಾ ಎಂದು. ಹೊಡೆಯಲಿಲ್ಲ. ಆದರೆ ನಾನು ಚಹಾ ಸೋಸಿಕೊಂಡೇ ಬರುತ್ತೇನೆ ಎಂದು ಇನ್ನೊಂದು ನಿಮಿಷ ಕೆಳಗೇ ನಿಂತಿದ್ದರೆ ಏನಾಗುತ್ತಿತ್ತು, ನನಗೆ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಅಣ್ಣನಿಗೆ ಹೇಳಿದೆ. ಅವನು ಬೀಡಿ ಆರಿಸಿ, "ನಾವು ದಿನಾ ಹಾಗೇ ಹೋಗ್ತೇವೆ. ಮತ್ತೆ ಹೇಗೆ ಹೇಳುವುದು?" ಎಂದ. ಬಲೆ ಎಂದರೆ ಸಾಲ. ಲಕ್ಷಗಟ್ಟಲೆ ರೂಪಾಯಿಯ ಬಲೆಯನ್ನು ಹಡಗಿನ ಪಂಕ ಒಂದು ನಿಮಿಷದಲ್ಲಿ ಸುತ್ತಿ ಹಾಕುತ್ತದೆ. ಅದಕ್ಕೇ ಅವರು ಪ್ರಾಣದ ಹಂಗು ಬಿಟ್ಟು ಹಡಗಿನ ಕಡೆಗೆ ನುಗ್ಗುತ್ತಾರೆ, ದೀಪ ಬೀಸುತ್ತಾರೆ, ಕಿರುಚುತ್ತಾರೆ. ಕಡಲುಗಳ್ಳ ಬರುವುದೂ ಹಾಗೆಯೇ: ಸಣ್ಣ ದೋಣಿ, ಜೋರು ಮೋಟಾರು, ನಾಲ್ಕೈದು ಜನ. ಹಡಗಿನ ಮೇಲಿನಿಂದ ಕತ್ತಲಲ್ಲಿ ನೋಡುವವನಿಗೆ ನಮ್ಮಣ್ಣನಿಗೂ ಕಳ್ಳನಿಗೂ ವ್ಯತ್ಯಾಸ ಕಾಣುವುದಿಲ್ಲ.

ಇದಾಗಿ ಒಂದು ವರ್ಷದ ಮೇಲೆ, 2012ರ ಫೆಬ್ರವರಿ 15ರಂದು ಕೇರಳದ ತೀರದಿಂದ ಇಪ್ಪತ್ತು ನಾಟಿಕಲ್ ಮೈಲಿಯಾಚೆ 'ಎನ್ರಿಕಾ ಲೆಕ್ಸಿ' ಎಂಬ ಇಟಲಿಯ ತೈಲದ ಹಡಗಿನ ಮೇಲಿದ್ದ ನೌಕಾ ಸೈನಿಕರು 'ಸೇಂಟ್ ಆಂಟನಿ' ಎಂಬ ಮೀನುಗಾರಿಕೆ ದೋಣಿಯ ಮೇಲೆ ಗುಂಡು ಹಾರಿಸಿದರು. ಕಳ್ಳರು ಎಂದುಕೊಂಡೆವು ಎಂದರು. ಇಬ್ಬರು ಮೀನುಗಾರರು ಸತ್ತರು. ಅದು ಹಗಲು ಹೊತ್ತು. ಯಾವ ದೇಶದ ಕೋರ್ಟು ವಿಚಾರಿಸಬೇಕು ಎಂಬ ಜಗಳ ಎಂಟು ವರ್ಷ ನಡೆಯಿತು. 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ, ಆ ಸೈನಿಕರು ಸರ್ಕಾರದ ಕೆಲಸದಲ್ಲಿದ್ದವರಾದ್ದರಿಂದ ಭಾರತದ ಕೋರ್ಟು ಅವರನ್ನು ವಿಚಾರಿಸುವ ಹಾಗಿಲ್ಲ, ಆದರೆ ಇಟಲಿ ಪರಿಹಾರ ಕೊಡಬೇಕು ಎಂದಿತು. 2021ರ ಜೂನಿನಲ್ಲಿ ಸುಪ್ರೀಂ ಕೋರ್ಟು ಹತ್ತು ಕೋಟಿ ರೂಪಾಯಿ ಠೇವಣಿಯಾದ ಮೇಲೆ ಪ್ರಕರಣ ಮುಗಿಸಿತು. ಸತ್ತವರ ಮನೆಗಳಿಗೆ ನಾಲ್ಕು ನಾಲ್ಕು ಕೋಟಿ, ದೋಣಿಯ ಮಾಲೀಕನಿಗೆ ಎರಡು ಕೋಟಿ. ಆ ಸುದ್ದಿಯನ್ನು ಟಿವಿಯಲ್ಲಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಅಣ್ಣನೂ ನಾನೂ ಏನೂ ಮಾತನಾಡದೆ ಕೂತಿದ್ದೆವು.

ಹಾಗಾದರೆ ಬಂದೂಕು ಬೇಡವೇ? ಎರಡೂ ಕಡೆಯ ಮಾತು ಹೇಳಬೇಕು. 2011ರ ಆಗಸ್ಟಿನಲ್ಲಿ ನಮ್ಮ ನೌಕಾಯಾನ ಮಹಾನಿರ್ದೇಶನಾಲಯವೇ ವ್ಯಾಪಾರಿ ಹಡಗುಗಳಲ್ಲಿ ಸಶಸ್ತ್ರ ಕಾವಲುಗಾರರನ್ನು ಇಡಲು ಮಾರ್ಗಸೂಚಿ ಹೊರಡಿಸಿತು. ಯುದ್ಧನೌಕೆಗಳ ಗಸ್ತು, ಹಡಗಿನ ಸುತ್ತ ಮುಳ್ಳುತಂತಿ, ಕಾವಲುಗಾರರು ಎಲ್ಲ ಸೇರಿ ಆ ಕಳ್ಳತನ ಇಳಿಯಿತು. ನಮ್ಮ ನಾವಿಕರು ಎಷ್ಟೋ ಜನ ವರ್ಷಗಟ್ಟಲೆ ಸೊಮಾಲಿಯಾದಲ್ಲಿ ಸೆರೆಯಾಗಿದ್ದರು. ಅವರ ಮನೆಯವರ ಪಾಡು ಕಂಡ ನಾನು ಕಾವಲುಗಾರರೇ ಬೇಡ ಎನ್ನಲಾರೆ. 2024ರ ಮಾರ್ಚಿನಲ್ಲಿ 'ರುಯೆನ್' ಎಂಬ ಹಡಗನ್ನು ನಮ್ಮ ನೌಕಾಪಡೆ ಬಿಡಿಸಿತು. 35 ಕಳ್ಳರು ಶರಣಾದರು, 17 ನಾವಿಕರು ಬದುಕಿದರು. ಆದರೆ ಅಲ್ಲಿ ಬಂದೂಕು ಹಿಡಿದವರು ಕಲಿತವರು, ಆಜ್ಞೆ ಕೇಳುವವರು, ಲೆಕ್ಕ ಒಪ್ಪಿಸುವವರು. ಅರ್ಧ ನಿದ್ದೆಯಲ್ಲಿ ಎದ್ದ ಒಬ್ಬ ಮುದುಕ, ನಡುಗುವ ಕೈ, ಎಂದೂ ಹೊಡೆಯದ ಬಂದೂಕು, ಅದು ಬೇರೆ. ನನ್ನನ್ನು ಕೇಳಿದರೆ ಸಣ್ಣ ದೋಣಿಯಲ್ಲಿ ಅದು ಬೇಡ. ಅದರ ಜಾಗದಲ್ಲಿ ಒಳ್ಳೆಯ ರೇಡಿಯೋ, ಒಳ್ಳೆಯ ದೀಪ, ಆ ನೀರಿನ ಜನರ ನಾಲ್ಕು ಮಾತು ಇರಲಿ.

ಅಪಾಯದ ವಲಯವನ್ನು 2015ರ ಡಿಸೆಂಬರಿನಲ್ಲಿ 65 ಡಿಗ್ರಿಗೆ ಹಿಂದೆ ಸರಿಸಿದರು. 2023ರ ಜನವರಿಯಿಂದ ಆ ವಲಯವನ್ನೇ ತೆಗೆದರು. ಆದರೆ ಸಮುದ್ರದಲ್ಲಿ ಭಯ ಪೂರಾ ಹೋಗಿಲ್ಲ, ಬಂದೂಕೂ ಹೋಗಿಲ್ಲ. ಅದಕ್ಕೆ ಇಲ್ಲಿ ಕೂತಿರುವ ಮೀನುಗಾರ ಬಂಧುಗಳಿಗೆ ನಾನು ಹೇಳುವುದು ಇಷ್ಟು. ರಾತ್ರಿ ದೀಪವಿಲ್ಲದೆ ಹಡಗಿನ ಕಡೆಗೆ ನುಗ್ಗಬೇಡಿ. ಟ್ರಾಲ್ ಬೋಟಿಗೆ ಹಸಿರಿನ ಕೆಳಗೆ ಬಿಳಿ, ಉಳಿದ ಬಲೆಗಳಿಗೆ ಕೆಂಪಿನ ಕೆಳಗೆ ಬಿಳಿ ದೀಪ ಎಂಬುದು ಲೋಕಕ್ಕೆಲ್ಲ ಒಂದೇ ನಿಯಮ. ಅದನ್ನು ಕಂಡ ನಾವಿಕ ನೀವು ಮೀನುಗಾರರು ಎಂದು ತಿಳಿಯುತ್ತಾನೆ. ಬೋಟಿನ ವಿ.ಎಚ್.ಎಫ್. ರೇಡಿಯೋವನ್ನು 16ನೆಯ ಚಾನೆಲಿನಲ್ಲಿ ಇಟ್ಟಿರಿ. 'ಫಿಶಿಂಗ್ ಬೋಟ್, ನೆಟ್' ಎಂಬ ಮೂರು ಶಬ್ದ ಬಂದರೆ ಸಾಕು. 2008ರಲ್ಲಿ ಮುಂಬೈಗೆ ಬಂದ ಉಗ್ರರು ಗುಜರಾತಿನ 'ಕುಬೇರ್' ಎಂಬ ಮೀನು ದೋಣಿಯನ್ನೇ ಹಿಡಿದು ಬಂದಿದ್ದರು. ಅದಾದ ಮೇಲೆ ನಿಮ್ಮ ಗುರುತಿನ ಕಾರ್ಡು ಕೇಳಿದರೆ ಬೇಸರ ಪಡಬೇಡಿ. ಅನುಮಾನದ ದೋಣಿ ಕಂಡರೆ ಕರಾವಳಿ ಕಾವಲು ಪೊಲೀಸರ 1093, ಸಮುದ್ರದಲ್ಲಿ ಕಷ್ಟವಾದರೆ ಕೋಸ್ಟ್ ಗಾರ್ಡಿನ 1554. ಈ ಎರಡು ನಂಬರನ್ನು ಮಕ್ಕಳೇ ಮನೆಗೆ ಹೋಗಿ ಅಪ್ಪನ ಫೋನಿನಲ್ಲಿ ಹಾಕಿ ಕೊಡಿ. ಇದು ಈ ದಿನದ ಮನೆಪಾಠ.

ಹಡಗಿಗೆ ಹೋಗಬೇಕೆಂದಿರುವ ಮಕ್ಕಳಿಗೂ ಒಂದು ಮಾತು. ನೀವು ನಾಳೆ ಎತ್ತರದ ಹಡಗಿನ ಮೇಲೆ ರಾತ್ರಿ ಕಾವಲಿಗೆ ನಿಂತಿರುತ್ತೀರಿ. ಯಾವುದೋ ದೂರದ ದೇಶದ ನೀರಿನಲ್ಲಿ ಒಂದು ಸಣ್ಣ ದೋಣಿ ದೀಪ ಬೀಸುತ್ತಾ ನಿಮ್ಮ ಕಡೆಗೆ ಬರುತ್ತದೆ. ಕಪ್ತಾನನಿಗೆ ತಿಳಿಸಿ, ನಿಯಮದಂತೆ ಮಾಡಿ. ಅದರ ಜೊತೆಗೆ, ಅವನು ಏನು ಕೂಗುತ್ತಿದ್ದಾನೆ ಎಂದು ಕೇಳಿಸಿಕೊಳ್ಳಿ. ಅವನ ಭಾಷೆಯಲ್ಲಿ ಬಲೆಗೆ ಏನೆನ್ನುತ್ತಾರೆ ಎಂದು ಮೊದಲೇ ಕೇಳಿ ತಿಳಿದಿರಿ. ನಾನು ಹೋದ ಎಲ್ಲ ಕಡೆ ಆ ಒಂದು ಶಬ್ದವನ್ನು ಕಲಿಯುತ್ತಿದ್ದೆ. ಆ ಚಟ ನನಗೆ ಹತ್ತಿದ್ದು ನೇತ್ರಾಣಿಯ ಆ ರಾತ್ರಿಯ ಮೇಲೆ.

ಈ ಶಾಲೆಯಲ್ಲಿ ನನಗೆ ಹೆಚ್ಚು ಅಂಕ ಬಂದದ್ದಿಲ್ಲ. ಆದರೆ ಇಲ್ಲಿ ಕಲಿತ ಭೂಗೋಳ ನನಗೆ ಅನ್ನ ಕೊಟ್ಟಿತು, ಇಲ್ಲಿ ಆಡಿದ ಭಾಷೆ ಒಂದು ರಾತ್ರಿ ನಾಲ್ಕು ಜನರನ್ನು ಉಳಿಸಿತು ಎಂದು ನಂಬಿದ್ದೇನೆ.